ಎರಡನೆಯ ಜೇನು

ಸಾ ಮಿಲ್ಲಿನ ಬೆಳಗಿನ ಕೂಗು ಮುಗಿದ ಮೇಲೆ ಹಾಜಿರಾಬಿ ಹಿತ್ತಲ ಮೆಟ್ಟಿಲ ಮೇಲೆ ಕೂತು, ಕಟ್ಟಿದ್ದ ಗಂಟನ್ನು ಮತ್ತೆ ಬಿಚ್ಚಿ ಮತ್ತೆ ಕಟ್ಟಿದಳು. ಗಂಟಿನಲ್ಲಿ ಇದ್ದದ್ದಾದರೂ ಏನು? ಒಂದೆರಡು ಸೀರೆ, ಒಂದು ಚಾದರ, ಕೌದಿ ಹೊಲಿಯುವ ಸೂಜಿ ದಾರ. ಆದರೆ ಅದರ ಮೂಲೆಗಳು ಒಂದಕ್ಕೊಂದು ಸಮ ಬಾರದೆ ಅವಳಿಗೆ ಸಮಾಧಾನವಿಲ್ಲ. ಇಂದು ಮಧ್ಯಾಹ್ನದ ಮೋಟಾರಿಗೆ ಅವಳು ದಾಂಡೇಲಿ ಬಿಟ್ಟು ಪಾಳಾಕ್ಕೆ ಹೋಗಬೇಕಾಗಿತ್ತು. ಅಲ್ಲಿ, ಸೋದರತ್ತೆಯ ಮಗ ದಿಲಾವರನ ಮಗಳ ಮನೆಯಲ್ಲಿ, ಇನ್ನು ಮುಂದಿನ ಬಾಳು. ಕಳಿಸುತ್ತಿದ್ದವನು ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ತಮ್ಮ ಉಸ್ಮಾನಸಾಬ. ಕಾರಣ, ಒಂದು ಬೆರಳು ಜೇನು. ಆರು ವರ್ಷದ ಹಿಂದೆ ಉಸ್ಮಾನನ ಮಗಳು ಸಿರಾಜುನ್ನಿಸಾ ಹುಟ್ಟಿದಾಗ ಕೂಸಿನ ಬಾಯಿಗೆ ಮೊದಲ ಜೇನು ನೆಕ್ಕಿಸಿದವಳು ಹಾಜಿರಾಬಿ. ಮೊದಲ ಜೇನು ಯಾರ ಬೆರಳಿನದೋ ಅವರ ಗುಣವೇ ಕೂಸಿಗೆ ಬರುತ್ತದೆನ್ನುವುದು ಅವರ ಮನೆತನದಲ್ಲಿ ಎಲ್ಲರೂ ಬಲ್ಲ ಮಾತು. ಅದಕ್ಕೇ ಆ ಕೆಲಸಕ್ಕೆ ಓದಿಕೊಂಡವರನ್ನೋ, ಹಜ್ಜಿಗೆ ಹೋಗಿ ಬಂದವರನ್ನೋ, ಯಾರೂ ಸಿಗದಿದ್ದರೆ ನಾಲ್ಕು ಜನರಲ್ಲಿ ಬಾಯಿಬಿಟ್ಟು ಮಾತಾಡಬಲ್ಲ ಒಬ್ಬ ವ್ಯಾಪಾರಿಯನ್ನೋ ಹುಡುಕಿ ಕರೆತರುತ್ತಾರೆ. ಹಾಜಿರಾಬಿಯಂಥವಳನ್ನು ಯಾರೂ ಹುಡುಕುವುದಿಲ್ಲ.

ಆ ದಿನ ಹುಡುಕುವುದಕ್ಕೆ ಪುರುಸೊತ್ತೇ ಇರಲಿಲ್ಲ. ಕೂಸು ಎಲ್ಲರ ಲೆಕ್ಕಕ್ಕಿಂತ ಮುಂಚೆ ಬಂದುಬಿಟ್ಟಿತ್ತು. ಉಸ್ಮಾನ ಮಿಲ್ಲಿನಲ್ಲಿ ಎಂಜಿನ್ನಿನ ಕೆಳಗೆ ಮಲಗಿ ತಿರುಪು ಬಿಗಿಯುತ್ತಿದ್ದ. ಅವನ ಹೆಂಡತಿ ಸಕೀನಾಳ ತಾಯಿ ಇನ್ನೂ ಹಳಿಯಾಳ ಬಿಟ್ಟಿರಲಿಲ್ಲ. ಸೂಲಗಿತ್ತಿ ಕೂಸನ್ನು ಒರೆಸಿ, "ಯಾರರೆ ಲಗೂನ ಜೇನ ಹಚ್ಚರಿ" ಎಂದಾಗ ಆ ಕೋಣೆಯಲ್ಲಿ ಬಿಡುವಾಗಿದ್ದ ಕೈ ಇವಳದೊಂದೇ. ಯಾರ ಮೈ ತಾಗಿದರೂ ಹಿಂದೆ ಸರಿಯುವ ಹಾಜಿರಾಬಿ ಅಂದು ಬೆರಳನ್ನು ಜೇನಿನಲ್ಲಿ ಅದ್ದಿ, ಹಲ್ಲಿಲ್ಲದ ಆ ಬಾಯಿಗೆ ಇಟ್ಟಳು. ಕೂಸು ಚೀಪಿ ಎಳೆಯಿತು. ಅವಳು ಬೆರಳು ಹಿಂತೆಗೆಯಲಿಲ್ಲ. ಹುಟ್ಟಿದಾರಭ್ಯ ಮೊದಲ ಸಲ ಒಂದು ಸ್ಪರ್ಶ ಅವಳಿಗೆ ಬೇಡವೆನಿಸಲಿಲ್ಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳುವುದು ಅವಳಿಗೆ ಬರುತ್ತಲೂ ಇರಲಿಲ್ಲ. ಮನಸ್ಸಿನಲ್ಲಿ ತಯಾರಾದ ಮಾತು ಗಂಟಲಿಗೆ ಬರುವಷ್ಟರಲ್ಲಿ ಕೇಳಿದವರು ಎದ್ದು ತಮ್ಮ ಕೆಲಸಕ್ಕೆ ಹೋಗಿರುತ್ತಿದ್ದರು. ಇದೇ ಕಾರಣಕ್ಕೆ ಅವಳ ಗಂಡನ ಮನೆಯವರು ಒಂದು ರಮಜಾನಿನಿಂದ ಇನ್ನೊಂದು ರಮಜಾನಿನೊಳಗೆ ಅವಳನ್ನು ತಿರುಗಿ ಕಳಿಸಿದ್ದರು. ಬಾಗಿಲಲ್ಲಿ ನಿಂತು ಅತ್ತೆ ಅಂದಿದ್ದಳು, "ಹೆಣ್ಣೇನೋ ಛಲೋ ಐತಿ, ಆದರ ಒಳಗ ಯಾರೂ ಇಲ್ಲ." ಒಳಗೆ ಯಾರೂ ಇಲ್ಲವೆ? ಒಳಗೆ ಇರುವ ಸಂತೆ ಇವರಿಗೆ ಕಾಣುವುದಿಲ್ಲವೆ? ಅತ್ತೆಗೆ ಏನು ಉತ್ತರ ಕೊಡಬೇಕೆಂದು ಹಾಜಿರಾಬಿ ಅಂದು ಗಾಡಿಯ ದಾರಿಯುದ್ದಕ್ಕೂ ಹೊಂದಿಸುತ್ತ ಬಂದಳು. ಸರಿಯಾದ ಉತ್ತರ ಹೊಳೆದಾಗ ಅತ್ತೆ ಸತ್ತು ವರ್ಷಗಳಾಗಿದ್ದವು.

ಸಿರಾಜುನ್ನಿಸಾ ನಡೆಯುವುದನ್ನು ಹೊತ್ತಿಗೆ ಸರಿಯಾಗಿ ಕಲಿತಳು, ಮಾತು ಕಲಿಯಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗಲಿಲ್ಲ. ಎತ್ತಿಕೊಂಡರೆ ಬೆನ್ನು ಸೆಟೆಸಿ ಕೈಯಿಂದ ಜಾರಿದಳು. ಎಲ್ಲಿಂದಲೋ ಬಂದ ಒಬ್ಬ ಡಾಕ್ಟರು ಅವಳ ಬೆನ್ನ ಹಿಂದೆ ತಟ್ಟೆ ಬಡಿದು, ಹುಡುಗಿ ಅಲುಗಲಿಲ್ಲವಾದ್ದರಿಂದ ಕಿವುಡಿ ಎಂದರು. ಅದೇ ಹುಡುಗಿ ಹಿತ್ತಲಲ್ಲಿ ಹುಣಸೆಕಾಯಿ ಮುರಿದ ಸದ್ದಿಗೆ ನಡುಮನೆಯಿಂದ ಓಡಿ ಬರುತ್ತಿದ್ದಳು. ಮಾಸ್ತರರೊಬ್ಬರು ಮಂದಬುದ್ಧಿ ಎಂದರು. ಗಾಳಿ ಸೋಕಿದೆ ಎಂದು ಒಬ್ಬ ಫಕೀರ ತಾಯತ ಕಟ್ಟಿದ. ದಾರ ಕೊರಳಿಗೆ ತಾಗುತ್ತಲೇ ಹುಡುಗಿ ಅದನ್ನು ಹರಿದು, ಬಹಳ ಮರ್ಯಾದೆಯಿಂದ ಅವನ ಕೈಯಲ್ಲೇ ಇಟ್ಟಳು. ಮಗ್ಗುಲ ಮನೆಯ ನೀಲಕ್ಕ, "ಉಳವಿ ಚನ್ನಬಸವಣ್ಣಗ ಬೇಡಿಕೋರಿ, ಅವಾ ಯಾರ್ನೂ ಬರಿಗೈಲೆ ಕಳಸೂದಿಲ್ಲ" ಎಂದಳು. ಸಕೀನಾ ಅದಕ್ಕೂ ಹೂಂ ಎಂದು ಹರಕೆ ಹೊತ್ತಳು. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ಉಸ್ಮಾನ ಮಾತ್ರ ಒಂದೇ ಪಟ್ಟು ಹಿಡಿದಿದ್ದ. ಅವನು ಫಿಟ್ಟರು. ಎಂಜಿನ್ನು ತಪ್ಪು ಸದ್ದು ಮಾಡುತ್ತಿದ್ದರೆ ಎಲ್ಲೋ ಒಂದು ತಿರುಪು ಸಡಿಲಾಗಿರಲೇಬೇಕು, ಅದನ್ನು ಹುಡುಕುವುದಷ್ಟೇ ಕೆಲಸ ಎನ್ನುವವನು. ಆ ತಿರುಪನ್ನು ಹುಡುಕಿಕೊಟ್ಟವನು ದಿಲಾವರ. ಹಳಿಯಾಳದ ಒಂದು ಮದುವೆಯಲ್ಲಿ, ತುತ್ತು ಕೈಯಲ್ಲೇ ಇರುವಾಗ, "ಅಲ್ಲೋ ಉಸ್ಮಾನ, ಕೂಸಿಗೆ ಮೊದಲನೇ ಜೇನ ಹಚ್ಚಿದಾಕಿ ಯಾರು?" ಎಂದು ಕೇಳಿದ. ಹಾಜಿರಾ ಎಂದರು. ಪಂಗತಿಯಲ್ಲಿದ್ದವರೆಲ್ಲ ಉಣ್ಣುವುದನ್ನು ನಿಲ್ಲಿಸಿ "ಹೌದಲ್ಲ" ಎಂದರು. ಮೂಲೆಯಲ್ಲಿ ಕೂತಿದ್ದ ಹಾಜಿರಾಬಿಯ ಕಡೆ ಎಲ್ಲ ಕಣ್ಣುಗಳೂ ಒಮ್ಮೆಲೇ ತಿರುಗಿದವು. ಅವಳು ತನ್ನ ತಟ್ಟೆಯ ಅಂಚನ್ನು ನೋಡುತ್ತಿದ್ದಳು. ಮದ್ದು ಕೂಡ ಅಲ್ಲೇ ಗೊತ್ತಾಯಿತು. ಒಳ್ಳೆಯ ಮಾತುಗಾರನ ಬೆರಳಿನಿಂದ ಎರಡನೆಯ ಜೇನು, ಮತ್ತು ಮೊದಲ ಬೆರಳು ಮನೆಯಿಂದ ದೂರ. ಮಾತುಗಾರ ಯಾರು ಎಂದು ಯೋಚಿಸುವ ಕಷ್ಟವನ್ನು ದಿಲಾವರ ಯಾರಿಗೂ ಕೊಡಲಿಲ್ಲ.

ಹಾಜಿರಾಬಿ ಇದನ್ನೆಲ್ಲ ನಂಬಿದ್ದಳೆ? ನಂಬಿದ್ದಳು. ನಂಬಲು ಉಳಿದವರಿಗಿಂತ ಅವಳಿಗೆ ಹೆಚ್ಚಿನ ಕಾರಣವಿತ್ತು, ಮತ್ತು ಆ ಕಾರಣವೇ ಅವಳನ್ನು ಈಗ ಮೆಟ್ಟಿಲ ಮೇಲೆ ಒಳಗೊಳಗೇ ಸುಡುತ್ತಿತ್ತು. ಹುಡುಗಿ ಅಂಬೆಗಾಲು ಬಿಟ್ಟ ವರ್ಷದ ಈದಿನ ದಿನ. ಮನೆ ತುಂಬ ಬಂಧುಗಳು. ಎಲ್ಲರೂ ಕೂಸಿನ ಮುಂದೆ ಚಪ್ಪಾಳೆ ತಟ್ಟುವವರೇ, ನಗಿಸುವವರೇ, ಗಲ್ಲ ಹಿಂಡುವವರೇ. ಕೂಸು ಅವರೆಲ್ಲರ ಮುಖ ಬಿಟ್ಟು ಮೇಲೆ, ಹೆಂಚಿನ ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ಆಡುವ ಧೂಳಿನ ಕಡೆ ನೋಡುತ್ತಿತ್ತು. ಹಾಜಿರಾಬಿಗೆ ಅದು ಗೊತ್ತಾದದ್ದು ಹೇಗೆಂದರೆ ಅವಳೂ ಅದನ್ನೇ ನೋಡುತ್ತಿದ್ದಳು. ಆ ಗದ್ದಲದಲ್ಲಿ ಅವಳ ಎದೆ ಒಮ್ಮೆಲೇ ಕುಣಿಯಿತು: ಬಂತು, ನನ್ನಂಥದ್ದೊಂದು ಬಂತು. ಮರುಕ್ಷಣ "ತೌಬಾ ತೌಬಾ" ಎಂದು ಗಲ್ಲ ಬಡಿದುಕೊಂಡಳು. ಒಳಗೆ ಅಡಿಗೆಮನೆಯಲ್ಲಿ ಸಕೀನಾ, ಮಗಳು ಒಂದು ಸಲ ಕೂಡ ತನ್ನ ಮುಖ ನೋಡಲಿಲ್ಲವೆಂದು ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ಒಬ್ಬಳ ಕಣ್ಣೀರು ಇನ್ನೊಬ್ಬಳಿಗೆ ಹಬ್ಬವಾಗುವುದೆಂದರೆ ಅದೆಂಥ ಹಬ್ಬ? ಆದರೂ ಹಬ್ಬ ನಿಲ್ಲಲಿಲ್ಲ. ದಿನಾ ಹೊತ್ತೇರುವ ಮುಂಚೆ ಅವರಿಬ್ಬರೂ ಮರದ ಡಿಪೋಕ್ಕೆ ಹೋಗುತ್ತಿದ್ದರು. ಯುದ್ಧ ಶುರುವಾದಂದಿನಿಂದ ಕುಳಗಿ ಕಡೆಯ ಕಾಡಿನಿಂದ ದಿಮ್ಮಿಗಳು ಬಂದು ಬಂದು ಗುಡ್ಡವಾಗಿದ್ದವು. ಹುಡುಗಿ ದಿಮ್ಮಿಯ ಕೊಯ್ದ ಮುಖದ ಮೇಲೆ ಬೆರಳಿಟ್ಟು, ಒಳಗಿನ ಸುತ್ತಿನಿಂದ ಹೊರಗಿನ ಸುತ್ತಿಗೆ, ಹೊರಗಿನಿಂದ ಒಳಕ್ಕೆ, ನಿಧಾನವಾಗಿ ತಿರುಗುತ್ತಿದ್ದಳು. ಹಾಜಿರಾಬಿ ಮಗ್ಗುಲ ದಿಮ್ಮಿಯ ಮೇಲೆ ಹಾಗೇ ಮಾಡುತ್ತಿದ್ದಳು. ದೂರದಲ್ಲಿ ಗರಗಸದ ಸದ್ದು ಒಂದೇ ಸಮ. ಮಾತಿಲ್ಲ, ಕತೆಯಿಲ್ಲ, ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಇಡೀ ದಾಂಡೇಲಿಯಲ್ಲಿ ಅಷ್ಟು ಸುಖಪಟ್ಟ ಇಬ್ಬರು ಬೇರೆ ಇರಲಿಕ್ಕಿಲ್ಲ.

"ಆಪಾ." ಸಕೀನಾ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಹಾಜಿರಾಬಿ ಅವಳ ಮುಖದ ಬದಲು ಹಿಟ್ಟು ಮೆತ್ತಿದ ಅವಳ ಕೈ ನೋಡಿದಳು. ಕೈ ನೋಡಿದರೆ ಅವಳಿಗೆ ಮನಸ್ಸು ತಿಳಿಯುತ್ತಿತ್ತು. ಹಿಟ್ಟನ್ನು ಬೆರಳಿನಿಂದ ಬೆರಳಿಗೆ ಉಜ್ಜುತ್ತ ಸಕೀನಾ ಅಂದಳು, "ಸಿಟ್ಟಾಗಬ್ಯಾಡ್ರಿ. ಜೇನಿನ ಕೆಲಸ ಮುಗಿಯೂ ತನಕಾ ಇಲ್ಲೇ ಕಟಿಗಿ ಖೋಲ್ಯಾಗ ಇದ್ದುಬಿಡ್ರಿ. ಕೂಸಿನ ಕಣ್ಣಿಗೆ ಬೀಳಬಾರದಂತ ದಿಲಾವರಭಾಯಿ ಹೇಳಿ ಕಳಿಸ್ಯಾರ."

ಹಾಜಿರಾಬಿ ತಲೆಯಾಡಿಸಿದಳು.

"ನನಗೂ ಛಲೋ ಅನಸೂದಿಲ್ಲ, ಆಪಾ. ಆದರ ನಾ ಏನ ಮಾಡ್ಲಿ? ಒಂದ ಸಲ ಅಮ್ಮಾ ಅನ್ನಲಿ. ಒಂದ ಸಲ ಅಂದ ಮ್ಯಾಲೆ ಸುಮ್ಮನಿರಲಿ ಬೇಕಾರ, ಜೀವಮಾನ ಸುಮ್ಮನಿರಲಿ."

ಬೇಲಿಯಾಚೆ ಅಕ್ಕಿ ಆರಿಸುತ್ತಿದ್ದ ನೀಲಕ್ಕ ಕಿವಿ ಈ ಕಡೆಗೇ ಇಟ್ಟಿದ್ದಳು. ಸಕೀನಾ ಒಳಗೆ ಹೋದಮೇಲೆ ಅವಳು ಮೊರ ಕುಟ್ಟುತ್ತ, "ಹಾಜಿರಾ, ನೀ ಹೋದರ ನಾ ಯಾರ ಸಂಗಾಟ ಮಾತಾಡ್ಲೆ?" ಎಂದಳು. ಹನ್ನೆರಡು ತಿಂಗಳೂ ನೀಲಕ್ಕನೊಬ್ಬಳೇ ಆಡುವುದು, ಹಾಜಿರಾಬಿ ಕೇಳುವುದು. ಅದನ್ನು ಅವಳು ಮಾತಾಡುವುದೆಂದೇ ಎಣಿಸಿಕೊಂಡಿದ್ದಳು. ಹಾಜಿರಾಬಿಗೆ ನಗು ಬಂತು. ನೀಲಕ್ಕ ಅದನ್ನು ನೋಡಿ ಕಣ್ಣೊರೆಸಿಕೊಂಡಳು.

ದಿಲಾವರ ಬಂದದ್ದು ಅರ್ಧ ಓಣಿಗೆ ಮೊದಲೇ ಕೇಳಿಸಿತು. ಪೆಟ್ರೋಲಿಲ್ಲದ ಕಾಲ. ಇದ್ದಿಲ ಹೊಗೆಯ ಮೇಲೆ ಓಡುವ ಸರ್ವಿಸ್ ಮೋಟಾರು ಏರು ಬಂದಲ್ಲೆಲ್ಲ ನಿಂತು, ಜನ ಇಳಿದು ನೂಕಿ, ನೂಕಿದವರೆಲ್ಲ ಕುಲುಮೆಯಿಂದ ಎದ್ದುಬಂದವರಂತೆ ಕಪ್ಪಾಗಿದ್ದರು. ಅರವತ್ತರ ದಿಲಾವರ ಬಿಳಿ ಗಡ್ಡವನ್ನು ಕರಿ ಮಾಡಿಕೊಂಡು, ಮುಂಡಗೋಡದಿಂದ ದಾಂಡೇಲಿಯವರೆಗೆ ನೂಕಿದ ಪ್ರತಿಯೊಂದು ಏರಿನ ಕತೆ ಹೇಳುತ್ತಲೇ ಹೊಸ್ತಿಲು ದಾಟಿದ. ಮುಂಡಗೋಡದ ಸಂತೆಯಲ್ಲಿ ಬಟ್ಟೆ ಮಾರುವವನು ಅವನು. ಒಬ್ಬ ಟೊಪ್ಪಿಗೆ ಕೊಳ್ಳಲು ಬಂದರೆ ಮೂರು ಪೀಳಿಗೆಯ ಕತೆ ಕೇಳಿಸಿಕೊಂಡು ಅಂಗಿ, ಪಾಯಿಜಾಮ ಹೊಲಿಸಿಕೊಂಡು ಹೋಗಬೇಕು. ಹಾಜಿರಾಬಿ ಕಟ್ಟಿಗೆ ಖೋಲಿಯ ತಟ್ಟಿಯ ಹಿಂದೆ ಕೂತಿದ್ದಳು. ಬಿದಿರಿನ ಸಂದಿಯಿಂದ ನಡುಮನೆ ಸಣ್ಣ ಸಣ್ಣ ಪಟ್ಟಿಯಾಗಿ ಕಾಣುತ್ತಿತ್ತು: ದಿಲಾವರನ ಕೈ, ಉಸ್ಮಾನನ ಎಣ್ಣೆ ಹತ್ತಿದ ತೋಳು, ಜೇನಿನ ಬಟ್ಟಲು, ನಡುವೆ ಕೆಂಪು ಲಂಗದ ಒಂದು ತುಂಡು. ತನ್ನ ಮನೆಯನ್ನು ತಾನೇ ಕಳ್ಳಿಯಂತೆ ನೋಡುವುದು ಅವಳಿಗೆ ನಾಚಿಕೆಯೆನಿಸಿತು. ಆದರೆ ಆ ಪಟ್ಟಿ ಪಟ್ಟಿಯ ನೋಟ ಎಷ್ಟು ಅಂದವಾಗಿದೆಯೆಂದೂ ಅನಿಸಿತು. ಹೀಗೆ ತುಂಡು ತುಂಡಾಗಿ ಬಂದರೆ ಮನುಷ್ಯರನ್ನು ತಾಳಿಕೊಳ್ಳಬಹುದು. ಆಮೇಲೆ ಅವಳು ಕಣ್ಣು ಮುಚ್ಚಿ ಪ್ರಾರ್ಥಿಸಿದಳು. ಏನೆಂದು ಪ್ರಾರ್ಥಿಸಲಿ? ಜೇನು ಫಲಿಸಲಿ, ಸಕೀನಾಳ ಕಿವಿ ತಣಿಯಲಿ. ಅದು ಒಂದು. ಅದರ ಬೆನ್ನಿಗೇ, ಬೇಡ ಬೇಡವೆಂದರೂ, ಇನ್ನೊಂದು: ಈ ಹುಡುಗಿಯನ್ನು ಬದಲಿಸಬೇಡ, ಯಾ ಅಲ್ಲಾ, ಇವಳು ಇದ್ದ ಹಾಗೆ ಇರಲಿ. ಎರಡನ್ನೂ ಕೇಳಿಸಿಕೊಂಡ ದೇವರು ತನ್ನ ಬಗ್ಗೆ ಏನೆಂದುಕೊಂಡಾನು ಎಂದು ಅವಳಿಗೆ ಹೆದರಿಕೆಯಾಯಿತು.

"ಬಿಸ್ಮಿಲ್ಲಾ" ಎಂದು ದಿಲಾವರ ಬೆರಳನ್ನು ಜೇನಿನಲ್ಲಿ ಅದ್ದಿದ. "ಬಾಯಿ ತೆಗಿ, ನನ್ನ ರಾಣಿ. ಈ ಬೆರಳ ಎಂಥಾ ಬೆರಳ ಗೊತ್ತೈತೇನ? ಇದನ್ನ ನೆಕ್ಕಿದಾಕಿ ನಾಳೆ ವಕೀಲಕಿ ಮಾಡತಾಳ."

ಹುಡುಗಿ ಬಾಯಿ ತೆರೆಯಲಿಲ್ಲ. ಸಕೀನಾ ರಮಿಸಿದಳು. ಉಸ್ಮಾನ ಗದರಿಸಿದ. ದಿಲಾವರ ಹಕ್ಕಿಯ ಕೂಗು ಕೂಗಿ ತೋರಿಸಿದ, ಬೆಕ್ಕಿನ ಕೂಗು ಕೂಗಿ ತೋರಿಸಿದ. ಇದ್ದಿಲ ಮೋಟಾರಿನ ಕೂಗು ತೆಗೆದಾಗ ಹುಡುಗಿಗೆ ಅದು ಹಿಡಿಸಿತೋ ಏನೋ, ತುಟಿ ಸ್ವಲ್ಪ ಬಿಟ್ಟಳು. ಅಷ್ಟೇ ಸಾಕೆಂದು ದಿಲಾವರ ಬೆರಳನ್ನು ಒಳಗೆ ತೂರಿಸಿದ. ಹುಡುಗಿ ಕಚ್ಚಿದಳು. ಸಣ್ಣದಾಗೇನೂ ಕಚ್ಚಲಿಲ್ಲ. ಮುಂಡಗೋಡದ ಮಾತುಗಾರನ ಬಾಯಿಂದ ಅಂದು ಮೊದಲ ಸಲ ಅರ್ಥವಿಲ್ಲದ ಒಂದು ಸದ್ದು ಹೊರಟಿತು. ಬೇಲಿಯಾಚೆ ನೀಲಕ್ಕ ಮೊರ ಬಿಟ್ಟು ಎದ್ದು ಬಂದಳು. ಉಸ್ಮಾನ ಕೈಯೆತ್ತಿದ. ದಿಲಾವರನೇ ಅವನನ್ನು ತಡೆದ.

"ಬಿಡೋ ಮಾರಾಯಾ, ಹೊಡೀಬ್ಯಾಡ. ಹಲ್ಲ ಗಟ್ಟಿ ಅದಾವ, ಅದನ್ನರೆ ನೋಡಿ ಖುಷಿ ಪಡು." ಬೆರಳನ್ನು ಚೊಂಬಿನ ನೀರಿನಲ್ಲಿ ಅದ್ದಿಕೊಂಡು, ಬಟ್ಟಲಲ್ಲಿ ಉಳಿದ ಜೇನನ್ನು ಇನ್ನೊಂದು ಕೈಯ ಬೆರಳಿನಿಂದ ತಾನೇ ನೆಕ್ಕುತ್ತ ಅವನು ನಗತೊಡಗಿದ. "ಇದೇನ ಹೊಸಾದಲ್ಲ. ನಮ್ಮವ್ವ ಸಾಯೂ ತನಕಾ ಹೇಳತಿದ್ಲು. ಹಾಜಿರಾ ಹುಟ್ಟಿದಾಗ ಜೇನ ಹಚ್ಚಾಕ ಹೋದರ ಹಲ್ಲಿಲ್ಲದ ಬಾಯಿಲೆ ಹಿಂಗ ಕಚ್ಚಿ ಹಿಡದಿದ್ಲಂತ, ಬಿಡವಲ್ಲಳಂತ."

"ಯಾರಿಗೆ ಯಾರು ಹಚ್ಚಿದ್ದು?" ಉಸ್ಮಾನ ಕೇಳಿದ.

"ಹಾಜಿರಾಗ ನಮ್ಮವ್ವ. ನಾನೂ ಅಲ್ಲೇ ಇದ್ದೆ, ದೀಪಾ ಹಿಡಕೊಂಡಿದ್ದೆ. ನೀ ಇನ್ನೂ ಹುಟ್ಟಿದ್ದಿಲ್ಲ."

ದಿಲಾವರನ ತಾಯಿಯನ್ನು ಅರಿಯದವರು ಯಾರು? ಆಕೆಯೆಂದರೆ ಮುಂಡಗೋಡಕ್ಕೆಲ್ಲ ಒಂದೇ ಬಾಯಿ. ಆಕೆ ನಿದ್ದೆಯಲ್ಲೂ ಮಾತಾಡುತ್ತಿದ್ದಳು, ನಮಾಜಿನ ನಡುವೆಯೂ ಸೊಸೆಗೆ ಕಣ್ಣಿನಲ್ಲೇ ಒಂದು ಭಾಷಣ ಮಾಡುತ್ತಿದ್ದಳು. ಆಕೆ ಸತ್ತ ವಾರ ಓಣಿಯವರಿಗೆ ಸದ್ದಿಲ್ಲದೆ ನಿದ್ದೆ ಬಂದಿರಲಿಲ್ಲವಂತೆ. ಆ ಬೆರಳಿನ ಜೇನು ನೆಕ್ಕಿದವಳು ಹಾಜಿರಾಬಿ. ದಿಲಾವರ ತನ್ನ ಮಾತನ್ನು ತಾನೇ ಈಗ ಕೇಳಿಸಿಕೊಂಡವನಂತೆ ಬಾಯಲ್ಲಿ ಬೆರಳಿಟ್ಟುಕೊಂಡು ಹಾಗೇ ಕೂತ. ಮೊದಲು ನಕ್ಕವಳು ಬಾಗಿಲಲ್ಲಿ ನಿಂತಿದ್ದ ನೀಲಕ್ಕ. "ಹಂಗಾದರ ದಿಲಾವರಣ್ಣ, ಜೇನಿನ ಹಿಕಮತ್ತ ಇಷ್ಟೇ ಏನ? ನಿಮ್ಮವ್ವನ ಬಾಯಿ ಒಂದ ಹನಿನೂ ಇಕಿಗೆ ಇಳೀಲಿಲ್ಲಲ್ಲ." ಉಸ್ಮಾನ ಅವಳ ಕಡೆ ಕೆಕ್ಕರಿಸಿ ನೋಡಿದ. ನೋಡುತ್ತ ನೋಡುತ್ತ ಅವನ ಭುಜಗಳು ಇಳಿದವು. "ಮತ್ತ ತಿರುಪ ಯಾವುದು?" ಎಂದ, ಯಾರನ್ನೂ ಅಲ್ಲ, ನೆಲವನ್ನು ಕೇಳಿದಂತೆ.

ತಟ್ಟಿಯ ಹಿಂದೆ ಹಾಜಿರಾಬಿಗೆ ಹಗುರಾಗಬೇಕಾಗಿತ್ತು. ಆಗಲಿಲ್ಲ. ಯಾರೋ ಅವಳ ಮಡಿಲಿನಿಂದ ಏನನ್ನೋ ಕಸಿದುಕೊಂಡ ಹಾಗೆ ಮೈ ಬರಿದಾಯಿತು. ಜೇನು ಏನೂ ಮಾಡಲಿಲ್ಲವೆಂದರೆ ಈ ಹುಡುಗಿ ತನ್ನವಳಲ್ಲ. ತಪ್ಪು ತನ್ನದಲ್ಲವೆಂದರೆ ಹುಡುಗಿಯೂ ತನ್ನದಲ್ಲ. ಇಷ್ಟು ದಿನ ಅಪರಾಧವೆಂದು ಹೊತ್ತದ್ದನ್ನು ಅವಳು ಬಂಗಾರದಂತೆ ಬಚ್ಚಿಟ್ಟುಕೊಂಡಿದ್ದಳೆಂದು ಈಗ ಗೊತ್ತಾಯಿತು. ತಾನು ಹೀಗೆ ಹುಟ್ಟಿದ್ದು ಯಾರ ಬೆರಳಿನಿಂದಲೂ ಅಲ್ಲ, ಇವಳೂ ಹಾಗೇ, ಸುಮ್ಮನೆ, ಸಾಗವಾನಿ ಸಾಗವಾನಿಯಾಗಿ ಹುಟ್ಟಿದಂತೆ. ಇಬ್ಬರೂ ಒಂದೇ ಮನೆಗೆ ಬಂದದ್ದಷ್ಟೇ ಪುಣ್ಯ. ಇದನ್ನು ಯೋಚಿಸುತ್ತ ಯೋಚಿಸುತ್ತ ಅವಳಿಗೆ ಇನ್ನೊಂದು ಕಾಣಿಸಿತು: ಯಾರೂ ಮಾಡಿದ್ದಲ್ಲವಾದರೆ ಇದು ಕೆಟ್ಟದ್ದೆಂದು ಹೇಳಿದವರಾದರೂ ಯಾರು? ಈ ಪ್ರಶ್ನೆ ಎಷ್ಟು ದೊಡ್ಡದಾಗಿತ್ತೆಂದರೆ ಅವಳು ಎದ್ದು ನಿಂತುಬಿಟ್ಟಳು, ತಲೆ ತಟ್ಟಿಗೆ ಬಡಿಯಿತು.

ಆ ಸದ್ದಿಗೆ ಸಕೀನಾ ಒಳಗೆ ಬಂದಳು. ಬಂದವಳು ಕಟ್ಟಿಗೆಯ ರಾಶಿಯ ಮೇಲೆ ಧಪ್ಪನೆ ಕೂತಳು. "ಹಂಗಾದರ ನಂದ ತಪ್ಪೇನ, ಆಪಾ? ಹೊಟ್ಟ್ಯಾಗಿದ್ದಾಗ ನಾ ಏನರೆ ತಿಂದ್ನೇನು, ಏನರೆ ನೋಡಿದ್ನೇನು? ಡಾಕ್ಟರ ಒಂದ ಅಂದ್ರು, ಫಕೀರ ಒಂದ ಅಂದಾ, ಇವರೊಂದ ಅಂದ್ರು. ನನ್ನ ಮಗಳ ನನಗ ತಿಳೀಲೇ ಇಲ್ಲ." ಸ್ವಲ್ಪ ಹೊತ್ತು ಅತ್ತಳು. ಅತ್ತು ಮುಗಿಸಿ, ಸೆರಗಿನಿಂದ ಮೂಗೊರೆಸಿಕೊಂಡು, ಅಷ್ಟು ವರ್ಷ ಒಂದೇ ಒಲೆಯ ಅನ್ನ ಉಂಡ ನಾದಿನಿಯನ್ನು ಹೊಸಬರನ್ನು ನೋಡುವಂತೆ ನೋಡಿದಳು.

"ನೀವ ಸಣ್ಣಾಕಿದ್ದಾಗ ಹಿಂಗ ಇದ್ರಂತ. ನಿಮಗ ಒಳಗ ಏನ ಆಗತಿತ್ತು?"

ಹಾಜಿರಾಬಿ ಆ ಪ್ರಶ್ನೆಯನ್ನು ಕೇಳಿ, ಅದರ ಅಂಚುಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ನಲವತ್ತೈದು ವರ್ಷದಲ್ಲಿ ಇದನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಮಾತು ಹೊರಟಿತು, ದಾರಿಯಲ್ಲಿ ನಿಂತಿತು, ಮತ್ತೆ ಹೊರಟಿತು. ಇಷ್ಟರಲ್ಲಿ ಎಲ್ಲರೂ ಎದ್ದು ಹೋಗುವುದು ರೂಢಿ. ಅವಳು 'ಇವಳೂ ಏಳುತ್ತಾಳೆ' ಎಂದು ಕಾದಳು. ಸಕೀನಾ ಏಳಲಿಲ್ಲ. ಒಲೆಯ ಮೇಲಿನ ಸಾರು ಉಕ್ಕಿದ ವಾಸನೆ ಬಂತು, ಆದರೂ ಏಳಲಿಲ್ಲ.

"ಅವ್ವ ಕರೀತಿದ್ಲು," ಎಂದಳು ಹಾಜಿರಾಬಿ. "ನನಗ ಕೇಳಸತಿತ್ತು. ಓ ಅನ್ನಬೇಕಂತ ಇರತಿತ್ತು. ಓ ಬರೂದರಾಗ ಅವ್ವ ಸಿಟ್ಟಾಗಿ ಹೋಗಿರತಿದ್ಲು. ನಾ ಇನ್ನೂ ಓ ಅನ್ನಾಕತ್ತೀನಿ, ಸಕೀನಾ."

ಸಕೀನಾ ಸೆರಗನ್ನು ಮಡಿಲಿಗೆ ಬಿಟ್ಟು ಕಿವಿಗೊಟ್ಟಳು.

"ಮಾರಿ ನೋಡಿದರ ಮಾತ ತಿಳಿಯೂದಿಲ್ಲ. ಮಾತ ಕೇಳಿದರ ಮಾರಿ ನೋಡಾಕ ಆಗೂದಿಲ್ಲ. ಎರಡೂ ಒಮ್ಮೆ ಬಂದರ ಒಳಗ ಗಿರಣಿ ಹೊಡದಂಗಾಗತೈತಿ. ಅವ್ವ ಅಪಿಗೊಂಡರ ಹಸೀ ಕೌದಿ ಹೊದ್ದಂಗ, ಉಸಿರ ಕಟ್ಟತಿತ್ತು. ಅವ್ವ ಅಂದರ ಜೀವಾ ಇತ್ತು. ಕೌದಿ ಬ್ಯಾಡಾಗಿತ್ತು, ಅವ್ವ ಬೇಕಾಗಿತ್ತು. ಅದು ಆಕಿಗೆ ಗೊತ್ತಾಗದ ಸತ್ತಳು."

ಒಮ್ಮೆ ಹೊಳೆ ಹರಿಯಲು ಹತ್ತಿದ ಮೇಲೆ ಕಟ್ಟುವುದು ಯಾರು? ಎದುರು ಕೂಡುವುದಕ್ಕಿಂತ ಮಗ್ಗುಲಲ್ಲಿ ಕೂಡುವುದು ಹಿತವೆಂದಳು. ಹೊಸ ಅಂಗಿಯ ಹೊಲಿಗೆ ಚೇಳು ಹತ್ತಿದಂತೆ ಚುಚ್ಚುತ್ತದೆಂದಳು, ಅದಕ್ಕೇ ಹುಡುಗಿ ಈದಿನ ದಿನ ಅಳುತ್ತಾಳೆ, ಹಟದಿಂದಲ್ಲ. ಡಿಪೋದಲ್ಲಿ ದಿಮ್ಮಿಯ ಸುತ್ತುಗಳ ಮೇಲೆ ಬೆರಳು ತಿರುಗಿಸುವಾಗ ಎದೆಯೊಳಗೆ ಎಲ್ಲವೂ ಹೇಗೆ ತಂತಮ್ಮ ಜಾಗಕ್ಕೆ ಬಂದು ಕೂಡುತ್ತದೆಂದು ಹೇಳುವಾಗ ಅವಳೇ ನಕ್ಕಳು. ಆ ನಗೆಯನ್ನು ಸಕೀನಾ ಮೊದಲ ಸಲ ಕೇಳಿದ್ದು. ಬಾಗಿಲಾಚೆ ಉಸ್ಮಾನನ ಎಣ್ಣೆ ಹತ್ತಿದ ಪಾದಗಳು ಬಂದು ನಿಂತಿದ್ದವು, ಮಗ್ಗುಲಲ್ಲಿ ದಿಲಾವರನ ಇದ್ದಿಲ ಮೆತ್ತಿದ ಪಾದಗಳು, ಅವುಗಳ ಹಿಂದೆ ನೀಲಕ್ಕನವು. ಕಣ್ಣು ಕೆಳಗಿಟ್ಟ ಹಾಜಿರಾಬಿಗೆ ಪಾದಗಳಷ್ಟೇ ಕಾಣುತ್ತಿದ್ದುದರಿಂದ ಮಾತು ತಡೆಯಲಿಲ್ಲ.

ಇನ್ನೊಂದು ಮಾತು ಉಳಿದಿತ್ತು. ಅದನ್ನು ಹೇಳಬೇಕೋ ಬೇಡವೋ ಎಂದು ಅವಳು ನಿಂತಳು. ಅದು ಅವಳ ಸ್ವಂತದ್ದು. ಅದನ್ನು ಹೇಳದೆ ಪಾಳಾಕ್ಕೆ ಹೋದರೂ ಯಾರೂ ಕೇಳುವವರಿರಲಿಲ್ಲ, ಸಾಯುವವರೆಗೆ ನೆನೆದು ನೆನೆದು ಸುಖಪಡಬಹುದಿತ್ತು. ಹೇಳಿಬಿಟ್ಟರೆ ಹುಡುಗಿ ಸಕೀನಾಳ ಮಗಳಾಗುತ್ತಾಳೆ, ಪೂರ್ತಿ ಮಗಳಾಗುತ್ತಾಳೆ, ಆಮೇಲೆ ಈ ಮನೆಯಲ್ಲಿ ತನ್ನ ಕೆಲಸವೇನು? ಸಕೀನಾಳ ಕೈ ಮಡಿಲಲ್ಲಿ ಅಂಗಾತ ಬಿದ್ದಿತ್ತು, ಹಿಟ್ಟು ಒಣಗಿ ಬಿರಿದಿತ್ತು. ಆ ಕೈ ನೋಡುತ್ತ ಹಾಜಿರಾಬಿ ಹೇಳಿದಳು.

"ಹ್ವಾದ ವರ್ಷ ನೀ ಎಂಟ ದಿನಾ ತವರಮನಿಗೆ ಹೋಗಿದ್ದಿಲ್ಲ? ಆಗ ದಿನಾ ಮುಂಜಾನೆ ಅಕಿ ನೀ ರೊಟ್ಟಿ ಬಡಿಯೂ ಜಾಗಾದಾಗ ಹೋಗಿ ಕೂಡತಿದ್ಲು. ಅಂಗೈಲೆ ನೆಲಾ ಬಡೀತಿದ್ಲು. ನೀ ಬಡೀತಿಯಲ್ಲ, ಅದ ತಾಳ. ನಡುವ ನೀ ಹಿಟ್ಟ ಉದರಸಾಕ ನಿಲ್ಲತೀ ನೋಡು, ಅಕಿನೂ ಅಲ್ಲೇ ನಿಲ್ಲತಿದ್ಲು. ನಿನ್ನ ಕರಿಯಾಕತ್ತಿದ್ಲು. ಅಮ್ಮಾ ಅಂತ ಅನ್ನಾಕತ್ತಿದ್ಲು ಅಂತನ ನನಗನಿಸೂದು."

ದೂರದಲ್ಲಿ ಮೋಟಾರು ಮೂರು ಸಲ ಕೆಮ್ಮಿ, ಕೂಗಿ, ಹಳಿಯಾಳದ ದಾರಿ ಹಿಡಿದದ್ದು ಎಲ್ಲರಿಗೂ ಕೇಳಿಸಿತು. ದಿಲಾವರ ಗಡ್ಡ ಕೆರೆದುಕೊಂಡ. "ನಾ ಮಾತಾಡಕೋತ ಮಂದೀದ ಮೋಟಾರ ಎಷ್ಟೋ ತಪ್ಪಿಸೇನಿ. ಒಬ್ಬರ ಮಾತ ಕೇಳಕೋತ ನಂದ ತಪ್ಪಿದ್ದು ಇದ ಮೊದಲ," ಎಂದ. ಉಸ್ಮಾನ ಅಕ್ಕನ ಕಡೆ ನೋಡಲು ಹೋಗಿ, ಏನೋ ನೆನಪಾಗಿ, ಅವಳ ಮಗ್ಗುಲಿನ ಗೋಡೆ ನೋಡುತ್ತ ಅಂದ, "ಆಪಾ, ನೀ ಎಲ್ಲಿಗೂ ಹೋಗಬ್ಯಾಡ. ನನಗ ತಿಳೀಲಿಲ್ಲ." ಹಾಜಿರಾಬಿಗೆ ಉತ್ತರ ಕೊಡಬೇಕೆನಿಸಿತು. ಅದು ನಾಳೆಯೋ ನಾಡಿದ್ದೋ ಬಂದೀತು, ಉಸ್ಮಾನ ಇಲ್ಲೇ ಇರುತ್ತಾನಲ್ಲ.

ಸಕೀನಾ ಆಗಲೇ ಎದ್ದು ಹೋಗಿದ್ದಳು. ಸಿರಾಜುನ್ನಿಸಾ ನಡುಮನೆಯ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಎದುರು ಗೋಡೆಯ ಬಿರುಕೊಂದನ್ನು ನೋಡುತ್ತ ಕೂತಿದ್ದಳು. ತುಟಿಯ ತುದಿಯಲ್ಲಿ ದಿಲಾವರನ ಜೇನು ಇನ್ನೂ ಮಿನುಗುತ್ತಿತ್ತು. ಸಕೀನಾ ಎದುರಿಗೆ ಹೋಗಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ, ಅಪ್ಪಿಕೊಳ್ಳಲಿಲ್ಲ. ಅಪ್ಪಿಕೊಳ್ಳಲು ತಾನಾಗಿಯೇ ಎದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಇಳಿಸಿದಳು. ಮಗಳ ಮಗ್ಗುಲಿಗೆ, ಸ್ವಲ್ಪ ಬಿಟ್ಟು ಕೂತು, ತಾನೂ ಆ ಬಿರುಕನ್ನೇ ನೋಡಿದಳು. ಆಮೇಲೆ ಅಂಗೈಯಿಂದ ನೆಲವನ್ನು ರೊಟ್ಟಿ ಬಡಿಯುವ ಹಾಗೆ ಬಡಿದಳು. ಹುಡುಗಿ ಸುಮ್ಮನಿದ್ದಳು. ಸಕೀನಾ ಕಾದಳು. ಮತ್ತೆ ಬಡಿದಳು, ಹಿಟ್ಟು ಉದುರಿಸುವಲ್ಲಿ ನಿಂತಳು. ನಿಂತ ಆ ಸಣ್ಣ ಜಾಗದಲ್ಲಿ ಮಗಳ ಅಂಗೈ ನೆಲಕ್ಕೆ ಬಿತ್ತು. ಒಂದು ಸಲ, ಮತ್ತೆ ಒಂದು ಸಲ. ಆಮೇಲೆ ತಾಯಿಯ ಕೈ ಯಾವುದು ಮಗಳ ಕೈ ಯಾವುದು ಎಂದು ಕಿವಿಗೆ ತಿಳಿಯದ ಹಾಗೆ ಎರಡೂ ಒಟ್ಟಿಗೆ ಬಡಿಯತೊಡಗಿದವು. ಸಕೀನಾ ಮುಖ ತಿರುಗಿಸದೆ, ಗೋಡೆಯನ್ನೇ ನೋಡುತ್ತ, ಅಳುತ್ತ ನಗುತ್ತಿದ್ದಳು.

ಹಾಜಿರಾಬಿ ಬಾಗಿಲಲ್ಲಿ ನಿಂತು ನೋಡಿದಳು. ಹೊಟ್ಟೆಕಿಚ್ಚಾಯಿತು, ಇಷ್ಟು ದಿನ ತನ್ನೊಬ್ಬಳದಾಗಿದ್ದದ್ದು ಈಗ ಇಬ್ಬರದಾಯಿತು. ಆದರೆ ಆ ಕಿಚ್ಚಿನ ಕೆಳಗೇ ಈದಿನ ದಿನ ಕುಣಿದ ಎದೆ ಮತ್ತೆ ಕುಣಿಯುತ್ತಿತ್ತು, ಮತ್ತು ಈ ಸಲ ತೌಬಾ ಎನ್ನಬೇಕೆಂದು ಅವಳಿಗೆ ಅನಿಸಲೇ ಇಲ್ಲ. ಅವಳು ಒಳಗೆ ಹೋಗಿ ಹುಡುಗಿಯ ಇನ್ನೊಂದು ಮಗ್ಗುಲಿಗೆ, ಗೋಡೆಯ ಮೂಲೆಯ ಇಕ್ಕಟ್ಟಿನಲ್ಲಿ, ಅರ್ಧ ಮೈ ಒಳಗೆ ಅರ್ಧ ಮೈ ಹೊರಗೆ ಮಾಡಿಕೊಂಡು ಕೂತಳು. ಸಿರಾಜುನ್ನಿಸಾ ಅವಳ ಕಡೆ ನೋಡಲಿಲ್ಲ. ಬಡಿಯುವುದನ್ನು ನಿಲ್ಲಿಸದೆಯೇ ತಾಯಿಯ ಕಡೆಗೆ ಒಂದಿಷ್ಟು ಸರಿದು, ಅತ್ತೆಗೆ ಕೂಡಲು ಜಾಗ ಮಾಡಿಕೊಟ್ಟಳು.